ಅರವತ್ಮೂರು ಕಿಲೋದ ಯಾಗವ್ವ

ರಿಬ್ನಿಕ್, ಪೋಲೆಂಡ್
14 ಜನವರಿ 2025

ಜಂಬಕ್ಕಾರ,

ನಾ ಊರು ಮುಟ್ಟೀನಿ. ಮೂರು ವಿಮಾನ, ಒಂದು ರೈಲು, ಕೊನಿಗೆ ಅಪ್ಪನ ಹಳೇ ಕಾರು. ಇಲ್ಲಿ ಎಲ್ಲಿ ನೋಡಿದ್ರೂ ಹಿಮ. ಹೊಸಪೇಟಿ ಬಿಸಿಲು ನೆನಸಿಕೊಂತ ಎರಡು ಸ್ವೆಟರ್ ಹಾಕ್ಕೊಂಡು ಕುಂತು ಬರಿಯಾಕತ್ತೀನಿ.

ಫೋನ್ ಬ್ಯಾಡ, ಪತ್ರ ಬರಿ ಅಂತ ನೀವೇ ಹೇಳಿದ್ರಿ. ಫೋನಿನ್ಯಾಗ ನೀವೂ ಅಳ್ತೀರಿ, ನಾನೂ ಅಳ್ತೀನಿ, ಮಾತು ಆಗಂಗಿಲ್ಲ. ಖರೇ ಐತಿ. ಆದ್ರ ಇದನ್ನ ಶೈಲಶ್ರೀ ಟೀಚರಿಗೆ ತೋರಿಸಬ್ಯಾಡ್ರಿ. ಅಕ್ಷರ ಕಲಿಸಿದಾಕಿ ನಿಮ್ಮ ಮಗಳು, ಕೆಂಪು ಪೆನ್ನು ತಗೀತಾಳ. ಮಾತು ಕಲಿಸಿದವ್ರು ನೀವು, ನಿಮ್ಮ ಖಾನಾವಳಿ ಗಿರಾಕಿಗಳು. ಅದಕ್ಕ ನನಗ ಪುಸ್ತಕದ ಕನ್ನಡ ಬರಂಗಿಲ್ಲ.

ನಮ್ಮಪ್ಪ ಕಂಡಕಂಡವರಿಗೆ ಹೇಳಾಕತ್ತಾನ: "ಮಗಳು ಮೊಣಕಾಲು ಮುರ್ಕೊಂಡು ಇಂಡಿಯಾಕ್ಕ ಹೋದಳು. ಎರಡು ವರ್ಷ ಅಲ್ಲಿ ಹುಡುಗೀರಿಗೆ ಜೂಡೋ ಕಲಿಸಿದಳು. ಈಗ ಕಾಲು ನೆಟ್ಟಗ ಮಾಡ್ಕೊಂಡು ಬಂದಾಳ." ಅವ ಕಲ್ಲಿದ್ದಲು ಗಣಿಯಾಗ ದುಡಿದವ. ಸಂಡೂರಿನ ಅದಿರು ಗಣಿ ಕೆಂಪು ಧೂಳಿನ ಫೋಟೋ ತೋರಿಸಿದೆ. "ನಮ್ಮ ಧೂಳು ಕರಿದು, ಅವರದು ಕೆಂಪು, ಕೆಮ್ಮು ಒಂದೇ" ಅಂದ.

ದೊಡ್ಡ ಸುದ್ದಿ ಈಗ ಹೇಳ್ತೀನಿ. ಪೋಲೆಂಡ್ ಟೀಮಿನ ಕ್ಯಾಂಪಿಗೆ ನನ್ನ ಮತ್ತ ಕರದಾರ. ಮೊದಲಿನಂಗ ಐವತ್ತೇಳು ಕಿಲೋದ ವಿಭಾಗ. ಮೂವತ್ತೊಂದನೇ ವಯಸ್ಸಿನ್ಯಾಗ ಯಾರಿಗೂ ಎರಡನೇ ಸಲ ಕರಿಯಂಗಿಲ್ಲ, ನನಗ ಕರದಾರ! ಕೋಚ್ ಬೊಗ್ಡಾನ್ ನನ್ನ ಮ್ಯಾಲಿಂದ ಕೆಳಗ ನೋಡಿ, "ಇಂಡಿಯಾದಾಗ ನಿನ್ನ ಚಲೋ ನೋಡ್ಕೊಂಡಾರ" ಅಂದ್ರು. ಹೌದು ಅಂದೆ.

ಊಟ ಚಲೋ ಐತಿ. ಚಿಂತಿ ಮಾಡಬ್ಯಾಡ್ರಿ.

ನಿಮ್ಮ
ಯಾಗೋದಾ

*

ಹೊಸಪೇಟೆ
10 ಫೆಬ್ರವರಿ 2025

ಯಾಗವ್ವ,

ಯಾಗೋದಾ ಅಂತ ಸಹಿ ಮಾಡೀಯಲ್ಲ, ಅದು ಯಾರು? ನನ್ನ ಮನಿ ಮ್ಯಾಲಿನ ಕೋಣ್ಯಾಗ ಎರಡು ವರ್ಷ ಇದ್ದಾಕಿ ಯಾಗವ್ವ. ಹಂಗ ಬರಿ.

ಪೋಸ್ಟ್‌ಮ್ಯಾನ್ ಗಾದಿಲಿಂಗ ರಸ್ತ್ಯಾಗ ನಿಂತು ಕೂಗಿದ, "ಅಕ್ಕಾರ, ಪರದೇಶದಿಂದ ಕನ್ನಡದಾಗ ಅಡ್ರೆಸ್ ಬರದಾರ, ಬಂದು ನೋಡ್ರಿ!" ಊಟಕ್ಕ ಕುಂತ ಡ್ರೈವರ್, ಕಂಡಕ್ಟರ್ ಎಲ್ಲಾ ಎದ್ದು ಬಂದ್ರು. ನಾ ಓದಿ ಹೇಳಿದೆ. ರೊಟ್ಟಿ ಬಡಿಯೋ ದುರ್ಗಾ ಒಲಿ ಮುಂದ ಕುಂತೇ ಕಣ್ಣೊರೆಸಿಕೊಂಡ್ಲು. ಹೊಗಿ ಅಂತ ಹೇಳಿದ್ಲು, ನಮ್ಮದು ಗ್ಯಾಸ್ ಒಲಿ. ರವಿವಾರ ಸಂಡೂರಿಂದ ಶೈಲಶ್ರೀ ಬಂದಾಗ ಅಕಿಗೂ ತೋರಿಸಿದೆ. ಹೊಟ್ಟ್ಯಾಗ ಹುಟ್ಟಿದಾಕಿಗೆ ಹೆಂಗ ಮುಚ್ಚಿಡಲಿ? ಕೆಂಪು ಪೆನ್ನು ತಗದ್ಲು. ನಾ ಕಸಗೊಂಡೆ.

ಅಲ್ಲಿ ಥಂಡಿಗೆ ಮೈ ಬಿಗೀತೈತಿ, ಅದಕ್ಕ ಪಾರ್ಸಲ್ ಕಳಿಸೀನಿ. ಕಟಿ ರೊಟ್ಟಿ, ಹಚ್ಚಿಕೊಂಡು ತಿನ್ನಾಕ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಬರೀ ಬ್ರೆಡ್ ತಿಂದು ಕುಸ್ತಿ ಆಡಾಕ ಆಗಂಗಿಲ್ಲ.

ಕಂಪ್ಲಿಯಿಂದ ಹೊಸ ಅಕ್ಕಿ ಬಂತು. ರೈಸ್ ಮಿಲ್ಲಿನ ಜಡೆಪ್ಪನವರು ತಾವೇ ತಂದಿದ್ರು. ಲಾರಿ ಐತಿ, ಹಮಾಲರು ಅದಾರ, ಆದ್ರೂ ಹೊಸ ಅಕ್ಕಿಗೆ ನೀರು ಎಷ್ಟು ಹಾಕಬೇಕು ಅಂತ ಹೇಳಾಕ ಬಂದಿದ್ರು. ಜೀವನ ಎಲ್ಲಾ ಅನ್ನ ಮಾಡಿದಾಕಿಗೆ! ಅದನ್ನ ಹೇಳಾಕ ಒಂದು ತಾಸು ಬೇಕಾತು ಅವರಿಗೆ. ಜಡೆಪ್ಪನವರು ಹುಡುಗರಿದ್ದಾಗ ಗರಡಿಯಾಗ ಸಾಮು ಮಾಡಿದವರಂತ. ಕುಸ್ತಿ ಹಿಡದು ಹಿಡದು ನಿನ್ನ ಕಿವಿ ಹಂಗ ಅವರ ಕಿವೀನೂ ಮುದುಡ್ಯಾವ. ನೀ ಟೀಮಿಗೆ ಹೋದದ್ದು ಹೇಳಿದೆ. ಜಡೆಪ್ಪನವರಿಗೆ ಭಾಳ ಖುಷಿ ಆತು.

ಜಂಬುನಾಥ ಸ್ವಾಮಿ ನಿನ್ನ ಚಲೋ ಇಟ್ಟಿರಲಿ.

ಜಂಬಮ್ಮ

*

ರಿಬ್ನಿಕ್
16 ಮಾರ್ಚ್ 2025

ಜಂಬಕ್ಕಾರ,

ಪಾರ್ಸಲ್ ಬಂತು. ಹಿಂಡಿ ಡಬ್ಬಿ ಎರಡು ದಿನದಾಗ ಖಾಲಿ ಆತು! ರೊಟ್ಟಿ ಪುಡಿ ಆಗಿತ್ತು, ಅದನ್ನೂ ಬಿಡಲಿಲ್ಲ. ಟೀಮಿನ್ಯಾಗ ಭಾರಿ ತೂಕದ ಹುಡುಗಿ ಒಬ್ಬಾಕಿ ಅದಾಳ, ಡಬ್ಬಿ ಒಳಗ ಬೆರಳು ಹಾಕಿ ಒರಸಿ ತಿಂದ್ಲು. "ಈ ಹೆಂಗಸನ್ನ ಪೋಲೆಂಡಿಗೆ ಕರಕೊಂಡು ಬಾ" ಅಂದ್ಲು.

ಪ್ರಾಗ್‌ನಾಗ ಪಂದ್ಯ ಇತ್ತು. ಎರಡು ಗೆದ್ದೆ, ಎರಡು ಸೋತೆ, ಐದನೇ ಸ್ಥಾನ. ಕೊನೇ ಆಟದಾಗ ಎದುರಿನಾಕಿ ಕಾಲರ್ ಹಿಡದಿದ್ದೆ, ಬೆರಳು ತಾವೇ ಬಿಟ್ಟುಬಿಟ್ವು. ಸ್ವಲ್ಪ ಸುಸ್ತು, ಬ್ಯಾರೆ ಏನಿಲ್ಲ. ಎರಡು ವರ್ಷ ಬಿಟ್ಟು ಬಂದಾಕಿಗೆ ಐದನೇದು ಚಲೋನೇ.

ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಪತ್ರದಾಗ ದೇವರ ಹೆಸರು ಒಂದು ಸಲ ಬಂದೈತಿ. ಜಡೆಪ್ಪನವರ ಹೆಸರು ಎಷ್ಟು ಸಲ ಬಂದೈತಿ, ನೀವೇ ನೋಡ್ರಿ.

ಯಾಗವ್ವ

*

ಹೊಸಪೇಟೆ
8 ಏಪ್ರಿಲ್ 2025

ಯಾಗವ್ವ,

ನೀ ಕುಸ್ತಿ ಆಡು. ಹೆಸರು ಎಣಿಸೋ ಕೆಲಸ ನಿನಗ್ಯಾಕ?

ಸುಸ್ತು ಅಂತ ಬರದೀಯಲ್ಲ, ಓದಿದಾಕೀನೇ ಒಲಿ ಮ್ಯಾಲ ಕಡಾಯಿ ಇಟ್ಟೆ. ಅಂಟಿನ ಉಂಡಿ ಕಟ್ಟೀನಿ. ಒಣಕೊಬ್ಬರಿ, ಉತ್ತತ್ತಿ, ತುಪ್ಪ, ಯಾವುದೂ ಕಡಿಮಿ ಮಾಡಿಲ್ಲ. ಹಿಂಡೀನೂ ಐತಿ. ದಿನಕ್ಕ ಎರಡು ಉಂಡಿ, ಹಾಲಿನ ಕೂಡ. ಬಾಳಂತೇರೇ ಇದನ್ನ ತಿಂದು ಎದ್ದು ಓಡ್ಯಾಡ್ತಾರ, ನೀ ಯಾವ ಲೆಕ್ಕ.

ನಾ ಹೋದ ಸೋಮವಾರ ಹಂಪಿಗೆ ಹೋಗಿದ್ದೆ. ವಿರೂಪಾಕ್ಷನ ದರ್ಶನ ಮಾಡ್ಕೊಂಡು, ಹಂಗ ಹೊಳಿ ಕಡೆ ಇಳಿಯೋ ಮುಂದ ಮೆಟ್ಟಲ ಮ್ಯಾಲ ಕಾಲು ಜಾರಿತು. ನೀ ಹಿತ್ತಲದಾಗ ಚಾಪಿ ಹಾಸಿ ನನಗೂ ದುರ್ಗಾಗೂ ಬೀಳೋದು ಕಲಿಸಿದ್ದೆಲ್ಲ, ಗದ್ದ ಎದಿಗೆ ಹಚ್ಚು, ಕೈಲೆ ನೆಲ ಬಡಿ ಅಂತ? ಆಗ ನಗಿ ಬರ್ತಿತ್ತು. ಅವತ್ತು ನನಗ ಗೊತ್ತಿಲ್ಲದಂಗ ಗದ್ದ ಎದಿಗೆ ಹತ್ತಿತು, ಕೈ ಪಟ್ ಅಂತ ಕಲ್ಲಿಗೆ ಬಡೀತು. ಅಂಗೈ ಕೆಂಪಾತು, ಅಷ್ಟ. ತಲಿ, ಸೊಂಟ ಎಲ್ಲಾ ಗಟ್ಟಿ. ಎತ್ತಿ ಕುಂದ್ರಿಸಿದವರು, "ಹೆಂಗ ಬಿದ್ರಿ ನೀವು! ಪೈಲ್ವಾನರು ಬಿದ್ದಂಗ ಬಿದ್ರಿ" ಅಂದ್ರು. ಪೋಲೆಂಡಿನ ವಿದ್ಯಾ ಅಂತ ಹೇಳಿದೆ.

ಉಂಡಿ ತಿನ್ನು.

ಜಂಬಮ್ಮ

*

ರಿಬ್ನಿಕ್
22 ಮೇ 2025

ಜಂಬಕ್ಕಾರ,

ಉಂಡಿ ಬಂದಾವು. ಹೋದ ವಾರದ ಪಂದ್ಯ ಆಡಲಿಲ್ಲ. ಜ್ವರ ಇತ್ತು. ಈಗ ಆರಾಮ ಅದೀನಿ. ಅಪ್ಪನ ಮನ್ಯಾಗ ಇದ್ದೀನಿ.

ಕೂದಲಾ ಸಣ್ಣಗ ಕತ್ತರಿಸೀನಿ. ಬ್ಯಾಸಗಿ ಅಲ್ಲೇನ್ರಿ.

ಹಂಪ್ಯಾಗ ಎತ್ತಿ ಕುಂದ್ರಿಸಿದವರು ಯಾರು?

ಯಾಗವ್ವ

*

ಹೊಸಪೇಟೆ
18 ಜೂನ್ 2025

ಯಾಗವ್ವ,

ಜ್ವರ ಬಂದಾಕಿ ಕೂದಲಾ ಯಾಕ ಕತ್ತರಿಸಿಕೊಂತಾಳ? ನನಗ ಅನುಮಾನ ಬಂತು. ಶೈಲಶ್ರೀ ತನ್ನ ಮೊಬೈಲಿನ್ಯಾಗ ಆ ಪಂದ್ಯದ್ದು ಹುಡುಕಿ ತಗದ್ಲು. ನಿನ್ನ ಹೆಸರಿನ ಮುಂದ ಇಂಗ್ಲಿಷಿನ್ಯಾಗ ಏನೋ ಇತ್ತು. "ಅವ್ವ, ತೂಕ ಜಾಸ್ತಿ ಆಗೈತಿ ಅಂತ ಯಾಗವ್ವನ್ನ ಪಂದ್ಯದಿಂದ ಹೊರಗ ಹಾಕ್ಯಾರ" ಅಂದ್ಲು.

ನಾ ಅಲ್ಲೇ ಕಟ್ಟಿ ಮ್ಯಾಲ ಕುಂತೆ.

ತುಪ್ಪ ಹಾಕಿದ್ದು ನಾ. ಕೊಬ್ಬರಿ ಹಾಕಿದ್ದು ನಾ. ದಿನಕ್ಕ ಎರಡು ತಿನ್ನು ಅಂತ ಬರದಾಕೀನೂ ನಾ. ನೀ ಮೊದಲಿಂದ ಹೇಳಿದ್ದು ಕೇಳೋ ಹುಡುಗಿ, ತಿಂದೀ. ಎರಡು ವರ್ಷ ಇಲ್ಲಿ ಇದ್ದಾಗೂ ಇನ್ನೊಂದು ರೊಟ್ಟಿ, ಇನ್ನೊಂದು ರೊಟ್ಟಿ ಅಂತ ತಾಟಿನ್ಯಾಗ ಹಾಕಿದಾಕಿ ನಾನ. ನಿನಗ ಸಿಕ್ಕಿದ್ದ ಎರಡನೇ ಅವಕಾಶಾನ ನನ್ನ ಕೈಯಾರ ಕೆಡಿಸಿದೆ. ಅದನ್ನ ಹೇಳಿದ್ರ ನನಗ ನೋವಾಗತೈತಿ ಅಂತ ಜ್ವರ ಅಂದೀ.

ದುರ್ಗಾ ಕೇಳಿದ್ಲು, "ಅಕ್ಕಾರ, ಇವತ್ತು ಪಲ್ಯಕ್ಕ ಎಣ್ಣಿ ಯಾಕ ಇಷ್ಟು ಕಡಿಮಿ?" ಗಿರಾಕಿಗಳೂ ಗೊಣಗಿದ್ರು. ಎಣ್ಣಿ ಡಬ್ಬಿ ನೋಡಿದ್ರ ನನಗ ಹೆದರಿಕಿ ಬರಾಕತ್ತೈತಿ.

ಇನ್ನ ಮ್ಯಾಲ ಏನೂ ಕಳಸಂಗಿಲ್ಲ. ಸಿಟ್ಟಿದ್ರ ಬೈದು ಬರಿ. ಬರೀಲಾರದ ಇರಬ್ಯಾಡ.

ಜಂಬಮ್ಮ

*

ಹೊಸಪೇಟೆ
20 ಜುಲೈ 2025

ಯಾಗವ್ವ,

ನಿನ್ನ ಪತ್ರ ಬಂದಿಲ್ಲ. ಗಾದಿಲಿಂಗ ಈಗ ನಮ್ಮ ಖಾನಾವಳಿ ಮುಂದ ಸೈಕಲ್ ನಿಲ್ಲಸಂಗಿಲ್ಲ, ತಲಿ ಬಗ್ಗಿಸಿಕೊಂಡು ಹೋಗ್ತಾನ.

ಇನ್ನೊಬ್ಬರ ಬಾಯಿ ತೆರಸಬೇಕಂದ್ರ ಮೊದಲು ನಮ್ಮ ಬಾಯಿ ತೆರೀಬೇಕು. ಅದಕ್ಕ ನಾ ಒಂದು ಖರೇ ಹೇಳ್ತೀನಿ, ಆಮ್ಯಾಲ ನೀ ಒಂದು ಖರೇ ಹೇಳು.

ಹಂಪಿಗೆ ನಾ ಒಬ್ಬಾಕೀನ ಹೋಗಿರಲಿಲ್ಲ. ಜಡೆಪ್ಪನವರ ಕೂಡ ಹೋಗಿದ್ದೆ. ಎತ್ತಿ ಕುಂದ್ರಿಸಿದವರು ಅವರ. ಹೊಳಿ ದಂಡಿಗೆ ಕುಂತಾಗ ಅವರು ಕೇಳಿದ್ರು. ಅವರ ಮನಿಯಾಕಿ ತೀರಿಕೊಂಡು ಭಾಳ ವರ್ಷ ಆತು, ನಮ್ಮನಿಯವರು ಹೋಗಿ ಅದಕ್ಕೂ ಹೆಚ್ಚಾತು. "ಜಂಬಮ್ಮನವರ, ಅಡಗಿ ಮಾಡಾಕ ನಮ್ಮ ಮನ್ಯಾಗ ಆಳು ಅದಾನ, ನನಗ ಅದಕ್ಕ ಯಾರೂ ಬ್ಯಾಡ. ಸಂಜಿಮುಂದ ಮಾತಾಡಾಕ ಒಬ್ಬರು ಬೇಕು. ಮದುವಿ ಆಗೋಣೇನ್ರಿ?" ಅಂದ್ರು. ನಾ ಭಜಿ ಪೊಟ್ಟಣ ಅವರ ಮುಂದ ಸರಿಸಿದೆ. ಮಿರ್ಚಿ ಆರಾಕತ್ತಾವ ತಿನ್ನರಿ ಅಂದೆ.

ಹೆದರಿಕಿ ಐತಿ ನನಗ. ಶೈಲಶ್ರೀ ಏನಂತಾಳ? ಸಂಡೂರಾಗ ಅಕಿ ಅತ್ತಿ ಮಾವ ಏನಂತಾರ? ಐವತ್ತಾರು ವಯಸ್ಸಿನಾಕಿ ಅರಿಶಿಣ ಹಚ್ಚಿಕೊಂತಾಳ ಅಂತ ಬೀಗರ ಮನ್ಯಾಗ ನಗ್ತಾರ. ಅದಕ್ಕ ಯಾರಿಗೂ ಹೇಳಿಲ್ಲ. ನಿನಗ ಹೇಳೀನಿ.

ನಿನ್ನ ತೂಕದ ವಿಷಯ ಅವರಿಗೆ ಹೇಳಿದೆ. ನಾ ಅಳಾಕತ್ತಿದ್ದೆ, ಅವರು ನಗಾಕತ್ತಿದ್ರು! "ಅಲ್ರಿ, ಮ್ಯಾಲಿನ ತೂಕದ ಕುಸ್ತಿ ಇಲ್ಲೇನು ಆ ದೇಶದಾಗ? ಆ ಹುಡುಗಿ ಮೈ ಬೆಳದೈತಿ, ಅಂಗಿ ದೊಡ್ಡದು ಹೊಲಿಸಬೇಕು. ಮೈ ಕೊಯ್ತಾರೇನು?" ಅಂದ್ರು.

ಈಗ ನೀ ಹೇಳು.

ಜಂಬಮ್ಮ

*

ರಿಬ್ನಿಕ್
11 ಆಗಸ್ಟ್ 2025

ಜಂಬಕ್ಕಾರ,

ಖರೇ ಹೇಳ್ತೀನಿ. ನಿಮ್ಮ ಉಂಡಿ ನಾ ಒಂದೂ ತಿಂದಿರಲಿಲ್ಲ. ಹಿಂಡೀನೂ ತಿಂದಿರಲಿಲ್ಲ. ಟೀಮಿನ ಹುಡುಗೀರು ತಿಂದ್ರು, ನಾ ಬಾಜು ಕುಂತು ವಾಸನಿ ತಗೊಂಡೆ. ಉಳಿದ ಉಂಡಿ ಅಪ್ಪನ ಮನ್ಯಾಗ ಇಟ್ಟೆ. ನಿಮ್ಮದು ತಪ್ಪು ಇಲ್ಲವೇ ಇಲ್ಲ. ಎಣ್ಣಿ ಡಬ್ಬಿಗೆ ಹೆದರಬ್ಯಾಡ್ರಿ. ಗಿರಾಕಿಗಳಿಗೆ ನಾ ಕ್ಷಮೆ ಕೇಳೀನಿ ಅಂತ ಹೇಳ್ರಿ.

ನಾ ಇಲ್ಲಿಗೆ ಬಂದಾಗ ಅರವತ್ನಾಲ್ಕು ಕಿಲೋ ಇದ್ದೆ. ಕೋಚ್ ಐವತ್ತೇಳಕ್ಕ ಇಳಿ ಅಂದ್ರು. ಇಳಿದೆ. ಮುಂಜಾನೆ ಅರ್ಧ ಸೇಬು, ಸಂಜಿಗೆ ನಾಲ್ಕು ಹಸಿ ಸೊಪ್ಪಿನ ಎಲಿ. ಪ್ರಾಗ್‌ನಾಗ ಕೈ ಬಿಟ್ಟಿದ್ದು ಹಸಿವಿಗೆ. ಮೇ ತಿಂಗಳ ಪಂದ್ಯಕ್ಕ ಮುಂಚೆ ಎರಡು ದಿನ ನೀರೂ ಕುಡೀಲಿಲ್ಲ. ಬೆವರು ಇಳೀಲಿ ಅಂತ ಪ್ಲಾಸ್ಟಿಕ್ ಅಂಗಿ ತೊಟ್ಟು ಬಿಸಿ ಕೋಣ್ಯಾಗ ಓಡಿದೆ. ತಕ್ಕಡಿ ಮ್ಯಾಲ ನಿಂತ್ರ ಇನ್ನೂ ಮುನ್ನೂರು ಗ್ರಾಂ ಜಾಸ್ತಿ. ಬಚ್ಚಲಕ್ಕ ಹೋಗಿ ಕತ್ತರಿ ತಗೊಂಡು ಜಡಿ ಕತ್ತರಿಸಿದೆ. ಮತ್ತ ನಿಂತೆ. ಆಗಲಿಲ್ಲ. ಹೊತ್ತು ಮುಗೀತು. ಆ ತಕ್ಕಡಿ ಅಧಿಕಾರಿ ಒಬ್ಬ ಮುದುಕಿ, ನನ್ನ ಕೈ ಹಿಡಕೊಂಡು ಹೊರಗ ಕರಕೊಂಡು ಬಂದು ಕುಂದ್ರಿಸಿದ್ಲು. ಕೋಚ್ ನನ್ನ ಮುಖ ನೋಡಲಿಲ್ಲ. ಮರುದಿನ ಟೀಮಿನಿಂದ ತಗದ್ರು.

ಅಪ್ಪನ ಮನಿಗೆ ಬಂದು ಬಾಗಲಾ ಹಾಕ್ಕೊಂಡೆ. ನಿಮಗ ಬರಿಯಾಕ ಕುಂದರ್ತಿದ್ದೆ, ಪೆನ್ನು ಏಳ್ತಿರಲಿಲ್ಲ. ಊಟ ಹಾಕಿ ಬೆಳಸಿದವ್ರಿಗೆ, ನಾ ಉಪವಾಸ ಇದ್ದೆ ಅಂತ ಹೆಂಗ ಬರೀಲಿ?

ನಿಮ್ಮ ಜುಲೈ ಪತ್ರ ಬಂದ ದಿನ ಅಪ್ಪಗ ಪೋಲಿಷಿನ್ಯಾಗ ಓದಿ ಹೇಳಿದೆ. ಮೈ ಕೊಯ್ತಾರೇನು ಅನ್ನೋ ಮಾತಿಗೆ ಅಪ್ಪ ಟೇಬಲ್ ಬಡದು ನಕ್ಕ. "ಯಾರಿವ? ಇವನ್ನ ಕೋಚ್ ಮಾಡ್ರಿ" ಅಂದ. ಆಮ್ಯಾಲ ಕಪಾಟು ತೆರದು ಉಂಡಿ ಡಬ್ಬಿ ತಂದು ನನ್ನ ಮುಂದ ಇಟ್ಟ. ಕದ್ದು ಕದ್ದು ಅವನೂ ತಿಂದಿದ್ದ, ಸ್ವಲ್ಪ ಉಳದಿದ್ವು. ಎರಡು ತಿಂದೆ, ಹಾಲಿನ ಕೂಡ. ಮತ್ತ ಎರಡು ತಿಂದೆ.

ಈಗ ಅರವತ್ಮೂರು ಕಿಲೋದ ವಿಭಾಗಕ್ಕ ಹೆಸರು ಕೊಟ್ಟೀನಿ. ಅಲ್ಲಿ ವೆರೋನಿಕಾ ಅಂತ ನನ್ನ ಗೆಳತಿ ಅದಾಳ, ದೇಶಕ್ಕ ಚಾಂಪಿಯನ್, ನನಗಿಂತ ಏಳು ವರ್ಷ ಸಣ್ಣಾಕಿ. ಅಕಿಗೆ ಹೆದರಿಕೊಂಡೇ ಇಷ್ಟು ದಿನ ಕೆಳಗಿನ ತೂಕ ಬಿಡಲಿಲ್ಲ. ಇದೂ ಖರೇ. ಅಕ್ಟೋಬರಿನ್ಯಾಗ ರಾಷ್ಟ್ರೀಯ ಚಾಂಪಿಯನ್‌ಶಿಪ್. ಅಲ್ಲಿ ಗೆದ್ರ ಟೀಮಿಗೆ ತಗೋಬೇಕು, ಕೋಚ್‌ಗೆ ಮನಸ್ಸಿಲ್ಲದಿದ್ರೂ. ಸೋತ್ರ ನನ್ನ ಆಟ ಮುಗೀತು.

ಜಡೆಪ್ಪನವರ ಬಗ್ಗೆ: ನನ್ನ ಹೆಸರು ನಮ್ಮ ಭಾಷಾದಾಗ ಒಂದು ಸಣ್ಣ ಹಣ್ಣು. ಜಂಬು ಅಂದ್ರೂ ಹಣ್ಣು ಅಂತ ಶೈಲಶ್ರೀ ಹೇಳಿದ್ಲು. ಹಣ್ಣಿಗೆ ಹಣ್ಣು ಒಂದು ಮಾತು ಹೇಳ್ತೈತಿ, ಕೇಳ್ರಿ. ಆರಿದ ಮಿರ್ಚಿ ಯಾರೂ ತಿನ್ನಂಗಿಲ್ಲ. ಜಲ್ದಿ ಹೇಳ್ರಿ ಅವರಿಗೆ.

ಯಾಗವ್ವ

*

ಹೊಸಪೇಟೆ
3 ಸೆಪ್ಟೆಂಬರ್ 2025

ಯಾಗವ್ವ,

ಪತ್ರ ಓದಿ ಅತ್ತೆ, ನಕ್ಕೆ, ಬೈದೆ. ಅರ್ಧ ಸೇಬು! ನನ್ನ ಕೈಗೆ ಆ ಬೊಗ್ಡಾನ ಸಿಗಲಿ.

ಹೊಸಾ ಪಾರ್ಸಲ್ ಹೊಂಟೈತಿ. ಈ ಸಲ ನೀ ತಿನ್ನು. ಯಾರಿಗೂ ಕೊಡಬ್ಯಾಡ, ನಿಮ್ಮಪ್ಪಗ ಬಿಟ್ಟು.

ಜಡೆಪ್ಪನವರು ಹೇಳಿ ಕಳಿಸ್ಯಾರ, ಅವರ ಮಾತಿನ್ಯಾಗ ಬರೀತೀನಿ: "ಬಲದಾಗ ಆಕಿ ಹೆಚ್ಚಿದ್ರ ನಿಂತು ಜಗ್ಗಾಡಬ್ಯಾಡ. ಆಕೀನ ಮೈ ಮ್ಯಾಲ ಬರಲಿ, ಬಂದಾಗ ನೆಲಕ್ಕ ಒಯ್ಯಿ. ನೆಲದಾಗ ವಯಸ್ಸಾದವರು ಹುಡುಗರಿಗಿಂತ ಶಾಣ್ಯಾರು."

ಅವರಿಗೆ ಇನ್ನೂ ಏನೂ ಹೇಳಿಲ್ಲ. ನೀ ಮೊದಲು ಗೆಲ್ಲು.

ಜಂಬಮ್ಮ

*

ರಿಬ್ನಿಕ್
15 ಅಕ್ಟೋಬರ್ 2025

ಜಂಬಕ್ಕಾರ,

ಶೈಲಶ್ರೀ ಮೆಸೇಜ್ ಮಾಡಿದ್ಲು: "ನೋಡಿದ್ವಿ. ಇಲ್ಲಿ ಭಾಳ ಗದ್ದಲ ಆತು. ಅವ್ವ ಬರೀತಾಳ." ಏನು ಗದ್ದಲ? ಅಕಿ ಹೇಳವಲ್ಲಳು.

ನನ್ನ ಕಡೀದು ನಾ ಹೇಳ್ತೀನಿ. ಹೊಟ್ಟಿ ತುಂಬ ಉಂಡು ತಕ್ಕಡಿ ಮ್ಯಾಲ ನಿಂತೆ. ಅದೇ ಮುದುಕಿ ಇದ್ಲು. ಮುಳ್ಳು ನೋಡಿ, ನನ್ನ ನೋಡಿ, ಕಣ್ಣು ಹೊಡದ್ಲು. ಮೊದಲಿನ ಮೂರು ಆಟ ಜಲ್ದಿ ಮುಗದ್ವು. ಹಿಡಿದದ್ದು ಬಿಡಲಿಲ್ಲ ಬೆರಳು. ಊಟ ಮಾಡಿದವರ ಕೈ ಹಿಂಗ ಇರ್ತಾವ ಅಂತ ಮರತಿದ್ದೆ.

ಫೈನಲ್ ವೆರೋನಿಕಾನ ಕೂಡ. ನಾಲ್ಕು ನಿಮಿಷ ಮುಗದ್ರೂ ಇಬ್ಬರಿಗೂ ಪಾಯಿಂಟ್ ಇಲ್ಲ. ಆಮ್ಯಾಲ ಹೆಚ್ಚಿನ ಆಟ, ಯಾರು ಮೊದಲು ಪಾಯಿಂಟ್ ಮಾಡ್ತಾರ ಅವರು ಗೆದ್ದಂಗ. ಅಕಿ ನನ್ನ ಅಂಚಿಗೆ ದಬ್ಬಿಕೊಂಡು ಹೋದಳು. ಉಸಿರು ಸಿಗವಲ್ದು. ಆಗ ಅಕಿ ಸೊಂಟ ತಿರುವಿ ನನ್ನ ಎತ್ತಾಕ ಮೈ ಮ್ಯಾಲ ಬಂದಳು. ಜಡೆಪ್ಪನವರು ಹೇಳಿದಂಗ ಬಂದಳು! ನಾ ಹಿಂದಕ್ಕ ಜಗ್ಗಲಿಲ್ಲ, ಅಕಿ ಕೂಡೇ ಕೆಳಗ ಹೋದೆ, ಬೀಳತಾ ತಿರುಗಿದೆ. ಅಕಿ ಕೆಳಗ, ನಾ ಮ್ಯಾಲ. ಕುತ್ತಿಗಿಗೆ ಕೈ ಸುತ್ತಿ ನನ್ನ ತೂಕ ಎಲ್ಲಾ ಅಕಿ ಎದಿ ಮ್ಯಾಲ ಹಾಕಿದೆ. ಯಾವ ತೂಕಕ್ಕ ನಾ ಇಷ್ಟು ದಿನ ಹೆದರಿದ್ದೆನೋ ಅದೇ ತೂಕ. ಅಕಿ ಕೊಸರಾಡಿದ್ಲು, ಸೇತುವಿ ಹಂಗ ಎದ್ದಳು, ತಿರುಗಿದ್ಲು. ಬೆನ್ನು ನೆಲಕ್ಕ ಹಚ್ಚಿ ಗೊತ್ತು ಮಾಡಿದಷ್ಟು ಹೊತ್ತು ಹಿಡದಿಟ್ರ ಪಾಯಿಂಟ್, ನಾ ಏಳಲಿಲ್ಲ. ರೆಫ್ರಿ ಕೈ ಮ್ಯಾಲೆತ್ತಿದ.

ಎದ್ದು ಇಬ್ಬರೂ ನಮಸ್ಕಾರ ಮಾಡಿದ್ವಿ. ವೆರೋನಿಕಾ ಅಳಕೊಂತ, ನಗಕೊಂತ, "ಏನು ತಿಂತೀಯೇ ನೀನು?" ಅಂದ್ಲು. ಕೋಚ್ ಬೊಗ್ಡಾನ್ ಬಂದು ಕೈ ಕೊಟ್ಟರು. "ನಂದು ತಪ್ಪಾತು" ಅಂದ್ರು. ದೊಡ್ಡ ಮಾತು ಅದು, ಅವರ ಬಾಯಾಗ ಬರೋದಲ್ಲ. ಬರೋ ವರ್ಷ ಯುರೋಪಿನ ಚಾಂಪಿಯನ್‌ಶಿಪ್‌ಗೆ ಒಂದು ತೂಕಕ್ಕ ಇಬ್ಬರನ್ನ ಕಳಿಸಬಹುದು. ನಾನೂ ವೆರೋನಿಕಾನೂ ಕೂಡೇ ಹೋಗ್ತೀವಿ.

ನಮ್ಮಪ್ಪ ಗ್ಯಾಲರಿಯಾಗ ನಿಂತು "ಜಂಬಕ್ಕಾ" ಅಂತ ಕೂಗಿದ. ಅವನಿಗೆ ಬರೋ ಕನ್ನಡ ಅದೊಂದೇ.

ಏನು ಗದ್ದಲ ಅಲ್ಲಿ? ಜಲ್ದಿ ಬರೀರಿ.

ಯಾಗವ್ವ

*

ಹೊಸಪೇಟೆ
9 ನವೆಂಬರ್ 2025

ಯಾಗವ್ವ,

ನಮ್ಮ ಚಾಂಪಿಯನ್,

ಗದ್ದಲ ಹೇಳ್ತೀನಿ ಕೇಳು.

ಅವತ್ತು ರವಿವಾರ. ಶೈಲಶ್ರೀ, ಅಳಿಯ ಕಿರಣ್ ಕುಮಾರ್ ಇಬ್ಬರೂ ಸಂಡೂರಿಂದ ಬಂದಿದ್ರು. ಅಳಿಯ ತನ್ನ ಮೊಬೈಲನ್ನ ಖಾನಾವಳಿ ಟೀವಿಗೆ ಹಚ್ಚಿ ನಿನ್ನ ಆಟ ತೋರಿಸಿದ. ಊಟಕ್ಕ ಬಂದವರು ಉಂಡ ಮ್ಯಾಲೂ ಏಳವಲ್ರು, ಹೊರಗ ನಿಂತವರು ಬೈತಾರ, ಒಳಗ ಬಂದು ಅವರೂ ನಿಂತು ನೋಡ್ತಾರ. ಸರಿ ಹೊತ್ತಿಗೆ ಜಡೆಪ್ಪನವರು ಬಂದ್ರು. ಅಕ್ಕಿ ಇಲ್ಲ, ಬುತ್ತಿ ಇಲ್ಲ, ಬರೇ ಕೈಲೆ ಬಂದಿದ್ರು. ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡಿದ್ರು. ನಾ ನನ್ನ ಬಾಜು ಕುರ್ಚಿ ಕೊಟ್ಟೆ, ಬ್ಯಾರೆ ಎಲ್ಲೂ ಜಾಗಾ ಇರಲಿಲ್ಲ.

ಫೈನಲ್ ನಡದಿತ್ತು. ಆ ಹುಡುಗಿ ನಿನ್ನ ದಬ್ಬಾಕತ್ತಿದ್ಲು. ಅಷ್ಟರಾಗ ಟೀವಿ ನಿಂತುಬಿಟ್ಟಿತು! ನೀ ಗಾಳಿಯಾಗ ಒಂದು ಕಾಲು ಎತ್ತಿದ್ದೆ, ಹಂಗ ನಿಂತೆ. ಡ್ರೈವರ್ ಒಬ್ಬಾವ "ಲೇ, ಮೊಬೈಲ್ ಹೊರಗ ಒಯ್ಯೋ" ಅಂದ. ಅಳಿಯ ರಸ್ತಿಗೆ ಓಡಿದ. ದುರ್ಗಾ ಲಟ್ಟಣಗಿ ಹಿಡಕೊಂಡೇ ಹಿಂದ ಓಡಿದ್ಲು. ಕೊನಿಗೆ ಅಳಿಯ ಬಾಗಿಲದಾಗ ಮೊಬೈಲ್ ಎತ್ತಿ ಹಿಡದಾಗ ಟೀವಿಯಾಗ ಚಿತ್ರ ಬಂತು. ನೀ ಮ್ಯಾಲ ಮಲಗಿದ್ದಿ, ಅಕಿ ಕೆಳಗ. ಜಡೆಪ್ಪನವರು ಎದ್ದು ನಿಂತು, "ಬಿಡಬ್ಯಾಡ ಯಾಗವ್ವಾ, ಬಿಡಬ್ಯಾಡ!" ಅಂತ ಕೂಗಾಕತ್ತಿದ್ರು. ನಾನೂ ಎದ್ದು ಕೂಗಾಕತ್ತೆ. ರೆಫ್ರಿ ಕೈ ಎತ್ತಿದ. ಖಾನಾವಳಿ ಎಲ್ಲಾ ಎದ್ದು ಕುಣೀತು. ಪ್ಲೇಟು ಬಿದ್ದು ಒಡದ್ವು.

ಆಮ್ಯಾಲ ಕುಣಿಯೋರು ಒಬ್ಬೊಬ್ಬರ ನಿಂತುಬಿಟ್ರು. ನಾ ಯಾಕ ಅಂತ ನೋಡಿದೆ. ಎಲ್ಲಾರೂ ನನ್ನ ನೋಡಾಕತ್ತಿದ್ರು. ನಾ ಜಡೆಪ್ಪನವರ ಕೈ ಹಿಡಕೊಂಡಿದ್ದೆ. ಯಾವಾಗ ಹಿಡದೆನೋ ದೇವರಾಣಿ ಗೊತ್ತಿಲ್ಲ. ಎರಡೂ ಕೈಲೆ ಹಿಡದಿದ್ದೆ. ಅವರು ಕಲ್ಲಿನಂಗ ನಿಂತಿದ್ರು, ಮುಖ ಕೆಂಪು.

ಬಿಡಬೇಕಿತ್ತು. ಶೈಲಶ್ರೀ ಎದುರಿಗೇ ನಿಂತಿದ್ಲು. ಅಳಿಯ ಬಾಗಿಲದಾಗ ಮೊಬೈಲ್ ಹಿಡಕೊಂಡು ನಿಂತಿದ್ದ. ನಾ ಬಿಡಲಿಲ್ಲ ಯಾಗವ್ವ. "ಶೈಲಾ, ಇವರು ನನ್ನ ಕೇಳ್ಯಾರ. ನಾ ಹೂಂ ಅಂತೀನಿ" ಅಂದೆ. ಎಲ್ಲಾರ ಮುಂದ ಅಂದೆ.

ಶೈಲಶ್ರೀ ಸೆರಗಿನ್ಯಾಗ ಮುಖ ಮುಚ್ಚಿಕೊಂಡ್ಲು. ಅಳಾಕತ್ತಾಳ ಅಂತ ನನ್ನ ಜೀವ ಹೋತು. ನೋಡಿದ್ರ ನಗಾಕತ್ತಿದ್ಲು. "ಅವ್ವ, ಕಂಪ್ಲಿಯಿಂದ ವಾರಕ್ಕೊಮ್ಮೆ ಅಕ್ಕಿಗೆ ನೀರು ಹಾಕೋದು ಕಲಸಾಕ ಬರ್ತಾರಲ್ಲ, ನಮಗೇನು ಕಣ್ಣಿಲ್ಲೇನು? ಸಂಡೂರಾಗ ನಮ್ಮತ್ತಿ ಬಾಯಿ ಬಿಟ್ಟು ಕೇಳ್ಯಾರ, ನಿಮ್ಮವ್ವ ಯಾವಾಗ ಹೇಳ್ತಾಳ ಅಂತ" ಅಂದ್ಲು. ನಾ ಇಷ್ಟು ತಿಂಗಳು ಯಾರಿಗೆ ಹೆದರಿದ್ದೆನೋ ಅವರೇ ಸೀರಿ ಬಣ್ಣ ಆರಿಸ್ಯಾರ, ಹಸಿರು.

ಜಡೆಪ್ಪನವರು ಆಗ ಬಾಯಿ ಬಿಟ್ರು. "ಎಲ್ಲಾರಿಗೂ ಇವತ್ತಿನ ಊಟ ನಂದು" ಅಂದ್ರು. ಡ್ರೈವರ್‌ಗಳು ಉಂಡವರು ಮತ್ತ ಕುಂತ್ರು.

ಡಿಸೆಂಬರ್ ಕೊನೇ ವಾರದಾಗ ರಿಜಿಸ್ಟರ್ ಆಫೀಸಿನ್ಯಾಗ ಸಹಿ, ಆಮ್ಯಾಲ ಇಲ್ಲೇ ಊಟ. ನಿನ್ನ ಕ್ಯಾಂಪಿಗೆ ಆಗ ರಜಾ ಅಂತ ಶೈಲಶ್ರೀ ನೋಡ್ಯಾಳ. ನಿಮ್ಮಪ್ಪನ್ನ ಕರಕೊಂಡು ಬಾ. ಖಾನಾವಳಿ ನಾ ಮುಚ್ಚಂಗಿಲ್ಲ, ಅವರು ಮಿಲ್ ಬಿಡಂಗಿಲ್ಲ. ಹೊಸಪೇಟಿ ಕಂಪ್ಲಿ ನಡುವ ಬಸ್ಸು ಬೇಕಾದಷ್ಟು ಅದಾವು.

ಅವತ್ತು ಅಡಗಿ ದುರ್ಗಾ ಮಾಡ್ತಾಳ. ನಾ ಒಲಿ ಕಡೆ ತಲಿ ಹಾಕಂಗಿಲ್ಲ ಅಂತ ಆಣಿ ಮಾಡಿಸಿಕೊಂಡಾಳ. ಎಲ್ಲಾರೂ ಬಡಸ್ತಾರಂತ, ನಾ ಎಲಿ ಮುಂದ ಕುಂದರ್ತೀನಂತ. ನನ್ನ ಖಾನಾವಳಿಯಾಗ ಕುಂತು ಉಂಡ್ರ ರುಚಿ ಹೆಂಗ ಇರತೈತೋ, ನನಗ ಇನ್ನೂ ಗೊತ್ತಿಲ್ಲ.

ಜಂಬಮ್ಮ